ಎಲುಬು ಹೇಳಿದ ವಯಸ್ಸು

ಸಂತಾಪ ಸಭೆಗಳಲ್ಲಿ ಸುಳ್ಳು ಹೇಳುತ್ತಾರೆ ಅನ್ನೋದು ನನಗೆ ಗೊತ್ತಿತ್ತು. ಆದರೆ ಇಷ್ಟೊಂದು ಹೇಳುತ್ತಾರೆ ಅಂತ ಗೊತ್ತಿರಲಿಲ್ಲ. ಮೊನ್ನೆ ನಾರಾಯಣಗೂಡದಲ್ಲಿ ನಮ್ಮ ಕನ್ನಡದವರ ಸಭಾಭವನದಲ್ಲಿ ಡಾಕ್ಟರಮ್ಮನ ಫೋಟೋ ಇಟ್ಟು, ಹಾರ ಹಾಕಿ, ಊದಿನಕಡ್ಡಿ ಹಚ್ಚಿದ್ದರು. ಒಬ್ಬರಾದ ಮೇಲೊಬ್ಬರು ಎದ್ದುಬಂದು "ಭಾಳ ಸಾಧು ಸ್ವಭಾವ" ಅಂದರು. "ಒಬ್ಬರ ಮನಸ್ಸು ನೋಯಿಸಿದವರಲ್ಲ" ಅಂದರು. "ಸಿಟ್ಟು ಅಂದರೇನು ಅಂತಲೇ ಅವರಿಗೆ ಗೊತ್ತಿರಲಿಲ್ಲ" ಅಂದರು. ಎಲಾ ಇವರ! ತಪ್ಪಿ ಬೇರೆ ಯಾರದೋ ಸಭೆಗೆ ಬಂದು ಕೂತೆನೇನೋ ಅಂತ ಫೋಟೋವನ್ನು ಇನ್ನೊಮ್ಮೆ ನೋಡಿದೆ. ಅವರೇ. ಫೋಟೋದಲ್ಲಿ ಕೂಡ ಹುಬ್ಬು ಗಂಟಿಕ್ಕಿಕೊಂಡೇ ಇದ್ದಾರೆ, ಪುಣ್ಯಾತಗಿತ್ತಿ.

ಕೊನೆಗೆ ಮೈಕು ಹಿಡಿದದ್ದು ನಮ್ಮ ಆಸ್ಪತ್ರೆಯ ಹಿಂದಿನ ಸೂಪರಿಂಟೆಂಡೆಂಟು. ಆತನ ಹೆಸರು ಬರೆಯಲು ನನ್ನ ಕೈ ಬಾರದು. ಮಹಾಶಯ ಅಂತ ಕರೆಯುತ್ತೇನೆ, ಸಾಕು. ಆತನೂ ನಮ್ಮ ಕಡೆಯವನೇ, ಕನ್ನಡದವನೇ, ಡಾಕ್ಟರಮ್ಮನ ಜೊತೆ ಒಂದೇ ವಿಭಾಗದಲ್ಲಿ ಕೆಲಸ ಮಾಡಿದವನು. "ನಮ್ಮಿಬ್ಬರದು ಅಣ್ಣ ತಂಗಿಯ ಸಂಬಂಧ. ಒಂದು ದಿನಾನೂ ಮಾತಿಗೆ ಮಾತು ಬೆಳೀಲಿಲ್ಲ" ಅಂದು ಕರ್ಚೀಫಿನಿಂದ ಕಣ್ಣು ಒರೆಸಿಕೊಂಡ. ನನಗೆ ತಡೆಯಲಾಗಲಿಲ್ಲ. ದಡಕ್ಕನೆ ಎದ್ದೆ. ನಮ್ಮ ಮನೆಯವರು ಸೆರಗು ಜಗ್ಗಿ "ಕೂಡು, ಸತ್ತೋರ ಸಭಾದಾಗ ಜಗಳ ಬ್ಯಾಡ" ಅಂದರು. ಅಲ್ಲಿ ಜಗಳ ಆಡಲಿಲ್ಲ. ಎದ್ದು ಹೊರಗೆ ಬಂದು ಆಟೋ ಹಿಡಿದೆ. ಆ ಜಗಳವನ್ನು ಇಲ್ಲಿ ಆಡುತ್ತಿದ್ದೇನೆ.

ನಾನು ಆಗ ಆಂಧ್ರ ಸರ್ಕಾರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಮನೆಯವರಿಗೆ ರಕ್ಷಣಾ ಕಾರ್ಖಾನೆಯಲ್ಲಿ ನೌಕರಿ ಅಂತ ಬಾಗಲಕೋಟೆಯಿಂದ ಹೈದರಾಬಾದಿಗೆ ಬಂದವಳು ಇಲ್ಲೇ ತರಬೇತಿ ಪಡೆದು ಕೆಲಸಕ್ಕೆ ಸೇರಿದ್ದೆ. ನಾನು ಫಿಲ್ಮು ತೆಗೆಯುವುದು, ಡಾಕ್ಟರಮ್ಮ ಅದನ್ನು ನೋಡಿ ಬರೆಯುವುದು. ಅವರೂ ಬಾಗಲಕೋಟೆ ಕಡೆಯವರೇ. ದಿನವೆಲ್ಲ ತೆಲುಗು, ಹಿಂದಿಯಲ್ಲಿ ಬಾಯಿ ಸವೆಸಿ, ಮಧ್ಯಾಹ್ನ ರೊಟ್ಟಿ ಡಬ್ಬಿ ಬಿಚ್ಚಿದಾಗ ಮಾತ್ರ ಇಬ್ಬರೂ ಕನ್ನಡಕ್ಕೆ ಬರುತ್ತಿದ್ದೆವು. ಡಾಕ್ಟರಮ್ಮ ಕನ್ನಡದಲ್ಲಿ ಬೈದರೆ ಶೇಂಗಾ ಚಟ್ನಿಗಿಂತ ಖಾರ. ಒಮ್ಮೆ ಹೌಸ್ ಸರ್ಜನ್ ಹುಡುಗನೊಬ್ಬ ಕೋಠಿಯಲ್ಲಿ ಹಳೇ ಪುಸ್ತಕಗಳ ಜೊತೆ ಕೊಂಡಿದ್ದ ಬೆನ್ನೆಲುಬಿನ ಮಣಿಯೊಂದನ್ನು ಮೇಜಿನ ಮೇಲಿಟ್ಟು ಅದರ ತೂತಿನಲ್ಲಿ ಪೆನ್ನು ಸಿಗಿಸಿದ್ದ. ಡಾಕ್ಟರಮ್ಮ ಪೆನ್ನು ಕಿತ್ತು ಎಸೆದರು. "ಇದು ಪೆನ್ ಸ್ಟ್ಯಾಂಡ್ ಅಲ್ಲೋ ಭಾಡ್ಯಾ, ಒಬ್ಬ ಮನಶ್ಯಾ ಇದರ ಮ್ಯಾಲ ನೆಟ್ಟಗ ನಿಂತಿದ್ದ" ಅಂದರು. ಆ ಹುಡುಗ ತೆಲುಗಿನವನು, ಮಾತು ಅರ್ಥವಾಗಲಿಲ್ಲ, ಆದರೆ ಅರ್ಥವಾದವನಂತೆ ಮಣಿಗೆ ಕೈ ಮುಗಿದ. ಇವರದು ಸಾಧು ಸ್ವಭಾವವಂತೆ!

ನಮ್ಮಲ್ಲಿ 'ವಯಸ್ಸಿನ ಕೇಸು' ಅಂತ ಬರುತ್ತಿದ್ದವು. ಹುಟ್ಟಿದ ದಾಖಲೆ ಇಲ್ಲದ ಹುಡುಗ, ಹುಡುಗಿಯರನ್ನು ಪೊಲೀಸರು ಕರೆತರುತ್ತಿದ್ದರು. ಮೊಣಕೈ, ಮಣಿಕಟ್ಟು, ಟೊಂಕದ ಫಿಲ್ಮು ತೆಗೆದು, ಎಲುಬು ನೋಡಿ ಇಂತಿಷ್ಟು ವಯಸ್ಸು ಅಂತ ಬರೆದುಕೊಡಬೇಕು. ಪೊಲೀಸರು ತರುವ ಚೀಟಿಯಲ್ಲಿ ಮೊದಲೇ ಒಂದು ವಯಸ್ಸು ಗೀಚಿರುತ್ತಿತ್ತು. ಡಾಕ್ಟರಮ್ಮ ಆ ಚೀಟಿಯನ್ನು ಬೋರಲು ಹಾಕಿ ಅದರ ಮೇಲೆ ತಮ್ಮ ರೊಟ್ಟಿ ಡಬ್ಬಿ ಇಟ್ಟುಬಿಡುತ್ತಿದ್ದರು. ಫಿಲ್ಮು ನೋಡಿ, ತಮ್ಮ ಅಭಿಪ್ರಾಯ ಬರೆದು, ಸಹಿ ಹಾಕಿ, ಆಮೇಲೆ ಡಬ್ಬಿ ಎತ್ತುವುದು. "ಚೀಟಿ ಮೊದಲ ಓದಿದ್ಯೋ, ಕಣ್ಣಿಗೆ ಅದ ಕಾಣ್ತೈತಿ. ಎಲುಬು ಮೊದಲ ಮಾತಾಡ್ಲಿ, ಮಂದಿ ಆಮ್ಯಾಲ" ಅನ್ನುತ್ತಿದ್ದರು. ನಮ್ಮ ಮಹಾಶಯನ ಪದ್ಧತಿ ಇದರ ಉಲ್ಟಾ. ಆತ ಚೀಟಿ ಓದುತ್ತಿದ್ದ, ಚೀಟಿ ತಂದವರ ಮುಖ ಓದುತ್ತಿದ್ದ, ಆಮೇಲೆ ಪುರುಸೊತ್ತಾದರೆ ಫಿಲ್ಮು.

ಎಲುಬು ಹೇಗೆ ವಯಸ್ಸು ಹೇಳುತ್ತದೆ ಅಂತ ನಾನು ಹೊಸದರಲ್ಲಿ ಕೇಳಿದ್ದೆ. "ನಿನ್ನ ಕಿವಿ ಮಡಚು" ಅಂದರು. ಮಡಚಿದೆ. "ಮೂಗಿನ ತುದಿ ಒತ್ತು." ಒತ್ತಿದೆ. "ಮೆತ್ತಗ ಐತಲ್ಲ, ಅದು ಮೃದು ಎಲುಬು. ಕೂಸು ಹುಟ್ಟಿದಾಗ ಅದರ ಮೈತುಂಬ ಇಂಥಾದ ಭಾಳ ಇರ್ತೈತಿ. ದಿನಾ ಕಳದಂಗ ಅದರಾಗ ಗಟ್ಟಿ ಎಲುಬು ಕಟಕೋಂತ ಬರ್ತೈತಿ. ಉದ್ದನ್ನ ಎಲುಬಿನ ತುದಿಗೆ ಮಾತ್ರ ಒಂದು ಪದರ ಮೃದು ಎಲುಬು ಉಳದಿರ್ತೈತಿ, ಹುಡುಗರು ಎತ್ತರ ಆಗೋದು ಅಲ್ಲಿಂದನ." ಆಮೇಲೆ ಒಂದು ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಗಿಸಿ ತೋರಿಸಿದರು. ಗಟ್ಟಿ ಎಲುಬು ಬೆಳ್ಳಗೆ ಕಾಣುತ್ತದೆ, ಮೃದು ಎಲುಬು ಎಕ್ಸ್‌ರೇಯಲ್ಲಿ ಕಾಣಿಸುವುದೇ ಇಲ್ಲ. ಬಿಳಿ ಎಲುಬಿಗೂ ಅದರ ತುದಿಯ ಟೊಪ್ಪಿಗೆಗೂ ನಡುವೆ ಒಂದು ಕಪ್ಪು ಗೆರೆ ಮಾತ್ರ. "ಆ ಕರೀ ಗೆರಿ ಇರೋತನಕ ಅದು ಕೂಸು. ಗೆರಿ ಮುಚ್ಚಿತೋ, ಬೆಳವಣಿಗಿ ಮುಗೀತು. ಇದಕ್ಕ ಲಂಚ ಕೊಡಾಕ ಬರಂಗಿಲ್ಲ, ತಿಳೀತಾ?"

ನಮ್ಮ ಜನ ಮದುವೆಗಳಿಗೆ ಅವರನ್ನು ಕರೆಯುವುದನ್ನೇ ಬಿಟ್ಟಿದ್ದರು. ಕಾರಣ ಕೇಳಿ. ಕಾಚಿಗೂಡದ ಒಂದು ಮದುವೆಯಲ್ಲಿ ಆಹೇರಿ ಕೊಡಲು ವೇದಿಕೆ ಹತ್ತಿದವರು ಮದುಮಗಳ ಮಣಿಕಟ್ಟು ಹಿಡಿದು, ಹೆಬ್ಬೆರಳಿಂದ ಒತ್ತಿ ನೋಡಿ, ಮಂಟಪಕ್ಕೆಲ್ಲ ಕೇಳುವಂತೆ "ಯಾವ ಕ್ಲಾಸವ್ವ ನೀನು?" ಅಂದರು. ಬೀಗರ ಮುಖ ನೋಡಬೇಕಿತ್ತು! "ನಾಳೆ ನನ್ನ ಕಡೆ ಕಳಸ್ರಿ, ಒಂದು ಫೋಟೋ ತಗದು ನೋಡೋಣು" ಅಂತ ಬೇರೆ ಹೇಳಿ ಇಳಿದರು. ಬರುವಾಗ ಬಸ್ಸಿನಲ್ಲಿ ನಾನು, "ಮುಟ್ಟಿದ್ರ ತಿಳೀತೈತೇನ್ರಿ ಅಮ್ಮಾರ?" ಅಂತ ಕೇಳಿದೆ. "ಹುಚ್ಚಿ, ಮುಟ್ಟಿದ್ರ ಏನೂ ತಿಳಿಯಂಗಿಲ್ಲ. ಆದ್ರ ಅದು ಅವರಿಗೆ ಗೊತ್ತಿಲ್ಲಲ್ಲ" ಅಂದು ಬಾಯಿಗೆ ಸೆರಗು ಹಿಡಿದು ನಕ್ಕರು.

ಇನ್ನು ಸಾಬಮ್ಮನ ಸಂಗತಿ. ಮಹಾಶಯ ಕಣ್ಣು ಒರೆಸಿಕೊಳ್ಳುವಾಗ ನನ್ನ ಮೈ ಉರಿದದ್ದು ಇದಕ್ಕೆ.

ಸಾಬಮ್ಮ ಗುರುಮಠಕಲ್ ಕಡೆಯಿಂದ ಕೂಲಿಗೆ ಬಂದವರ ಮಗಳು. ನಾಚಾರಂನ ಒಂದು ಪ್ಲಾಸ್ಟಿಕ್ ಸಾಮಾನಿನ ಶೆಡ್ಡಿನಲ್ಲಿ ಅಚ್ಚಿನ ಮಷೀನಿಗೆ ಆಕೆಯ ಬಲಗೈ ಸಿಕ್ಕಿತು. ಮಣಿಕಟ್ಟು ಜಜ್ಜಿಹೋಗಿತ್ತು. ಪ್ಲಾಸ್ಟರ್ ಹಾಕಿ, ಪೊಲೀಸ್ ಕೇಸಾಯಿತು ಅಂತ ವಯಸ್ಸು ನೋಡಲು ನಮ್ಮ ಕಡೆ ಕಳಿಸಿದರು. ಜೊತೆಗೆ ಅಪ್ಪ, ಅವ್ವ, ಶೆಡ್ಡಿನ ಸೂಪರ್‌ವೈಸರ್. ಹುಡುಗಿಗೆ ಹದಿನಾಲ್ಕು ತುಂಬಿರದಿದ್ದರೆ ಆಕೆಯನ್ನು ದುಡಿಸಿದ ಮಾಲೀಕನ ಮೇಲೆ ಮೊಕದ್ದಮೆ. ಹದಿನೆಂಟಾಗಿದ್ದರೆ, ತಾನೇ ಕೈ ಹಾಕಿಕೊಂಡಳು ಅಂತ ಮುಗಿಸಿಬಿಡಬಹುದು. ಅಪ್ಪನೂ ಅದೇ ಶೆಡ್ಡಿನಲ್ಲಿ ಮೂಟೆ ಹೊರುವವನು, ಅವನಿಗೆ ಪಾಠ ಮಾಡಿಸಿ ತಂದಿದ್ದರು. ಡಾಕ್ಟರಮ್ಮ "ಮಗಳ ಹೆಸರೇನು?" ಅಂತ ಕೇಳಿದರು. ಅವನು ಕೈ ಕಟ್ಟಿಕೊಂಡು ತೆಲುಗಿನಲ್ಲಿ "ಪದ್ದೆನಿಮಿದಿ, ಮೇಡಂ" ಅಂದ. ಹೆಸರು ಕೇಳಿದರೆ ಹದಿನೆಂಟು! ಊರು ಕೇಳಿದರೂ ಹದಿನೆಂಟೇ ಅನ್ನುತ್ತಿದ್ದನೇನೋ ಪಾಪ. ಸೂಪರ್‌ವೈಸರ್ ಅವನ ಪಕ್ಕೆಗೆ ತಿವಿದ.

ಡಾಕ್ಟರಮ್ಮ ಸೂಪರ್‌ವೈಸರನನ್ನು ಹೊರಗಟ್ಟಿ, ತಾಯಿಯನ್ನು ಕನ್ನಡದಲ್ಲಿ ಮಾತಾಡಿಸಿದರು. ಆ ತಾಯಿ ಕನ್ನಡ ಕೇಳಿದ್ದೇ ತಡ ಗೊಳೋ ಅಂತ ಅತ್ತುಬಿಟ್ಟಳು. ವಯಸ್ಸು ಆಕೆಗೂ ಗೊತ್ತಿಲ್ಲ. "ಬಾಯಿ ಬಿಟ್ರ ಇವ್ರ ಕೆಲಸಾನೂ ಹೋಗ್ತೈತ್ರಿ" ಅಂದಳು ಅಷ್ಟೆ. "ನೀ ಏನೂ ಹೇಳಬ್ಯಾಡ, ನಾ ನಿನ್ನ ಕೇಳೂದಿಲ್ಲ" ಅಂದ ಡಾಕ್ಟರಮ್ಮ ನನಗೆ ಕೈಸನ್ನೆ ಮಾಡಿದರು. ನಾನು ಎರಡೂ ಕೈ, ಮೊಣಕೈ, ಟೊಂಕದ ಫಿಲ್ಮು ತೆಗೆದೆ.

ಚೀಟಿ ಡಬ್ಬಿಯ ಕೆಳಗೆ ಹೋಯಿತು. ಎಡಗೈ ಫಿಲ್ಮಿನಲ್ಲಿ ಆ ಕಪ್ಪು ಗೆರೆ ನನಗೂ ಕಾಣುವಷ್ಟು ಅಗಲಕ್ಕಿತ್ತು. ಮೊಣಕೈ ಈಗಷ್ಟೇ ಕೂಡಿಕೊಳ್ಳುತ್ತಿತ್ತು. ಟೊಂಕದ ಎಲುಬಿನ ಅಂಚು ಇನ್ನೂ ಮೂಡಿಯೇ ಇರಲಿಲ್ಲ. "ಹನ್ನೆರಡು ದಾಟೈತಿ, ಹದಿನಾಕು ಆಗಿಲ್ಲ" ಅಂದರು. ಆಮೇಲೆ ಬಲಗೈ ಫಿಲ್ಮು ಸಿಗಿಸಿದರು. ಅದನ್ನು ನೋಡಿ ನನ್ನ ಮುಂಗೈ ಹಿಡಿದು ತೋರಿಸಿದರು. "ಇಲ್ಲಿ ಜೋಡಿ ಎಲುಬು ಅದಾವು. ಹೆಬ್ಬೆರಳ ಕಡೀದು, ಕಿರುಬೆರಳ ಕಡೀದು. ಹೆಬ್ಬೆರಳ ಕಡೀದರ ಕರೀ ಗೆರೀನ ಜಜ್ಜಿ ಮುಚ್ಚೈತಿ, ಅಂದ್ರ ಅಲ್ಲೀ ಮೃದು ಎಲುಬು ಅರದು ಹೋಗೈತಿ. ಅದು ಇನ್ನ ಬೆಳಿಯಂಗಿಲ್ಲ. ಬಾಜೂಕಿಂದು ಬೆಳಿಯೂದು ಬಿಡಂಗಿಲ್ಲ. ಅದು ಬೆಳದಂಗ ಕೈ ಸೊಟ್ಟಾಗ್ತೈತಿ. ಇದನ್ನ ಆಗಾಗ ನೋಡ್ಕೋಂತ ಇದ್ದು, ಟೈಮಿಗೆ ಸರಿಯಾಗಿ ಆಪರೇಷನ್ ಮಾಡಿ ಆ ಇನ್ನೊಂದು ಎಲುಬಿನ ಬೆಳವಣಿಗೀನೂ ನಿಲ್ಲಿಸಬೇಕು. ಇಲ್ಲಾಂದ್ರ ಈ ಕೈ ಹೋತು."

ಇದನ್ನೆಲ್ಲ ಅವರು ಬರೆದುಕೊಟ್ಟರು. ಮರುದಿನವೇ ಆಗಿನ, ಮಹಾಶಯನಿಗಿಂತ ಮುಂಚಿನ ಸೂಪರಿಂಟೆಂಡೆಂಟರಿಂದ ಕರೆ ಬಂತು. ನಾನು ಫಿಲ್ಮು ಹಿಡಿದು ಹಿಂದೆ ಹೋಗಿದ್ದೆ. ಅವರು ಬಹಳ ಮೃದುವಾಗಿ, ಎಲುಬಿನ ಲೆಕ್ಕದಲ್ಲಿ ಎರಡು ವರ್ಷ ಆಚೀಚೆ ಆಗುವುದುಂಟಲ್ಲ ಮೇಡಂ, ಸ್ವಲ್ಪ ವಿಶಾಲವಾಗಿ ಬರೆಯಿರಿ ಅಂದರು. ಡಾಕ್ಟರಮ್ಮ, "ಹದಿಮೂರಕ್ಕೆ ಎರಡು ಕೂಡಿಸಿದರೆ ಹದಿನೈದು. ಹದಿನೆಂಟಾಗಬೇಕಾದರೆ ನಿಮಗೆ ಲೆಕ್ಕ ಕಲಿಸಿದ ಮೇಷ್ಟ್ರನ್ನೇ ಕರೆಸಬೇಕು" ಅಂದರು. ಇಂಗ್ಲಿಷಿನಲ್ಲಿ ಅಂದರು, ಬಾಗಿಲು ತೆರೆದಿರುವಾಗ ಅಂದರು, ಹೊರಗೆ ಜವಾನರೆಲ್ಲ ಕೇಳಿಸಿಕೊಂಡರು.

ವಾರದೊಳಗೆ ಮರುಪರೀಕ್ಷೆ ಅಂತ ಆಯಿತು. ಮಾಡಿದವನು ನಮ್ಮ ಮಹಾಶಯ. ಆತ ಬರೆದದ್ದನ್ನು ನಾನು ಕಣ್ಣಾರೆ ಓದಿದ್ದೇನೆ. ಬಲಗೈಗೆ ಪ್ಲಾಸ್ಟರ್ ಇರುವುದರಿಂದ ಮಣಿಕಟ್ಟನ್ನು ಪರೀಕ್ಷಿಸಲು ಸಾಧ್ಯವಾಗಲಿಲ್ಲ, ಮೈಕಟ್ಟಿನ ಮೇಲಿಂದ ಹದಿನೆಂಟು ತುಂಬಿದೆ ಅಂತ! ಅಲ್ಲರೀ, ಎಡಗೈ ಇರಲಿಲ್ಲವೇ? ಎಡಗೈಯ ಫಿಲ್ಮು ಆತನ ಮೇಜಿನ ಮೇಲೆ, ಆತನ ಟೀ ಕಪ್ಪಿನ ಕೆಳಗೆ ಇತ್ತು. ಡಾಕ್ಟರಮ್ಮ ಹೋಗಿ ತಮ್ಮ ಎಡಗೈಯನ್ನು ಆತನ ಮೂಗಿನ ಮುಂದೆ ಹಿಡಿದು, "ಇದು ಏನಂತ ಗೊತ್ತೈತೇನ್ರಿ ಡಾಕ್ಟರ? ಹೆಚ್ಚಿನ ಮಂದಿಗೆ ದೇವರು ಇಂಥಾದೊಂದು ಕೊಟ್ಟಿರ್ತಾನ" ಅಂದರು. ಆತ ನಕ್ಕು, "ಬಿಡ್ರಿ ಮೇಡಂ, ಬಡವರು ಅದಾರ, ಅವರಪ್ಪನ ನೌಕರಿ ಉಳೀತು, ಪುಣ್ಯ ಬಂತು" ಅಂದ. ಪುಣ್ಯವಂತೆ! ಮಾತಿಗೆ ಮಾತು ಒಂದು ದಿನವೂ ಬೆಳೆಯಲಿಲ್ಲವಂತೆ! ಅವತ್ತು ಬೆಳೆದ ಮಾತು ಮೂರನೇ ಮಹಡಿಯ ಹೆರಿಗೆ ವಾರ್ಡಿಗೂ ಕೇಳಿಸಿತ್ತು.

ಕೇಸು ಬಿದ್ದುಹೋಯಿತು. ಹದಿನೆಂಟು ತುಂಬಿದವಳಿಗೆ ಬೆಳವಣಿಗೆ ಎಲ್ಲಿಯದು ಅಂತ ಎಲುಬಿನ ವಿಭಾಗದವರು ಪ್ಲಾಸ್ಟರ್ ಬಿಚ್ಚಿ, ಇನ್ನು ಬರಬೇಕಾಗಿಲ್ಲ ಅಂತ ಬರೆದು ಕಳಿಸಿದರು. ಡಾಕ್ಟರಮ್ಮನನ್ನು ಪೊಲೀಸ್ ಕೇಸುಗಳಿಂದ ತೆಗೆದು, ಎದೆಯ ಫಿಲ್ಮು ಮಾತ್ರ ನೋಡಬೇಕು ಅಂತ ಹುಕುಂ ಮಾಡಿದರು. "ಎದಿ ನೋಡಂತ ಯಾರು ಹೇಳಾಕತ್ತಾರ ನೋಡು, ಎದಿನ ಇಲ್ಲದವರು" ಅಂದರು ಡಾಕ್ಟರಮ್ಮ. ಅಂದು ಮಧ್ಯಾಹ್ನ ಅವರು ರೊಟ್ಟಿ ತಿನ್ನಲಿಲ್ಲ.

ಆದರೆ ಬಿಡುವ ಹೆಂಗಸೇ ಅದು? ರಜೆಯ ದಿನ ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿ ನಾಚಾರಂಗೆ ಹೋದರು. ಶೆಡ್ಡುಗಳ ಹಿಂದಿನ ಗುಡಿಸಲುಗಳಲ್ಲಿ "ಕನ್ನಡದವರ ಮನಿ ಯಾವುದು?" ಅಂತ ಕೇಳುತ್ತ ಸಾಬಮ್ಮನನ್ನು ಹುಡುಕಿದರು. ತಾಯಿಗೆ ತಿಳಿಸಿ ಹೇಳಿದರು. ಅಲ್ಲಿಂದ ಮುಂದೆ ಆಗಾಗ ಆ ತಾಯಿ ಮಗಳನ್ನು ಕರೆತರುವುದು, ನಾನು ಫಿಲ್ಮು ತೆಗೆಯುವುದು ನಡೆಯಿತು. ಪ್ರತಿ ಸಲ ಹುಡುಗಿ ಸ್ವಲ್ಪ ಎತ್ತರವಾಗಿರುತ್ತಿದ್ದಳು, ಪ್ರತಿ ಸಲ ಕೈ ಸ್ವಲ್ಪ ಹೆಬ್ಬೆರಳ ಕಡೆಗೆ ವಾಲಿರುತ್ತಿತ್ತು. ಕಿರುಬೆರಳ ಕಡೆಯ ಎಲುಬು ಮಣಿಕಟ್ಟಿನ ಮೇಲೆ ಗುಬುಟಾಗಿ ಎದ್ದು ನಿಂತಿತು. ಹದಿನೆಂಟು ತುಂಬಿದವಳ ಲಂಗ ವರ್ಷ ವರ್ಷ ಮೊಳಕಾಲಿಗೆ ಏರುತ್ತದೆಯೇ? ಕುರುಡರಿಗೂ ಕಾಣುವಂಥದ್ದು.

ಡಾಕ್ಟರಮ್ಮ ಹುಡುಗಿಯನ್ನು ನಮ್ಮ ಎಲುಬಿನ ವಿಭಾಗದ ಮುಖ್ಯಸ್ಥರ ಮುಂದೆ ನಿಲ್ಲಿಸಿದರು. ಅವರು ಫಿಲ್ಮು ನೋಡಿದರು, ತಲೆಯನ್ನೂ ಆಡಿಸಿದರು. ಆದರೆ ನಮ್ಮ ಆಸ್ಪತ್ರೆಯ ಕಾಗದದಲ್ಲೇ ಹದಿನೆಂಟು ಅಂತಿರುವಾಗ ಬೆಳೆಯುವ ಮಗುವಿನ ಆಪರೇಷನ್ ಮಾಡಿದರೆ ನಾಳೆ ಕೇಳುವವರಿಗೆ ಏನು ಹೇಳಲಿ, ಅದನ್ನು ಬರೆದವರೇ ತಿದ್ದಿಕೊಡಲಿ ಅಂದರು. ಡಾಕ್ಟರಮ್ಮ ಮಹಾಶಯನ ಹತ್ತಿರ ಹೋದರು. ಈ ಸಲ ಬೈಯಲಿಲ್ಲ. ನನ್ನ ಕಣ್ಣೆದುರೇ ಕೈ ಜೋಡಿಸಿದರು. "ನಿಮ್ಮ ಮ್ಯಾಲ ಯಾವ ಕಂಪ್ಲೇಂಟೂ ಮಾಡಂಗಿಲ್ಲ. ತಪ್ಪಾಗಿತ್ತು ಅಂತ ಒಂದು ಸಾಲು ಬರೀರಿ. ಕೂಸಿನ ಕೈ ಉಳೀತೈತಿ." ಹಾಗೆಲ್ಲ ಯಾರಿಗೂ ಕೈ ಮುಗಿಯುವವರಲ್ಲ ಡಾಕ್ಟರಮ್ಮ, ತಮ್ಮ ಹೆತ್ತಪ್ಪನಿಗೂ ಮುಗಿದವರಲ್ಲ. ಆತ ಏನಂದ ಗೊತ್ತೇ? "ನನ್ನ ಸಹಿ ತಪ್ಪು ಅಂತ ನಾನ ಹೆಂಗ ಸಹಿ ಮಾಡ್ಲಿ ಮೇಡಂ? ಪ್ರಮೋಷನ್ ಟೈಮು."

ಕೊನೆಗೆ ಬೇರೊಂದು ಆಸ್ಪತ್ರೆಯಲ್ಲಿ ಕಾಗದ ಕೇಳದೆ ಕೈ ನೋಡಿದ ಎಳೆಯ ಸರ್ಜನ್ ಒಬ್ಬ ಸಿಕ್ಕ. ಅವನನ್ನು ಹುಡುಕುವುದರಲ್ಲಿ, ಅಲ್ಲಿ ಸರದಿ ಸಿಗುವುದರಲ್ಲಿ ಒಳ್ಳೆಯ ಕಾಲವೆಲ್ಲ ಹೋಗಿಬಿಟ್ಟಿತ್ತು. ಆತ ಇನ್ನೊಂದು ಎಲುಬಿನ ಬೆಳವಣಿಗೆ ನಿಲ್ಲಿಸಿದ. ಕೈ ಮತ್ತಷ್ಟು ಸೊಟ್ಟಗಾಗುವುದು ತಪ್ಪಿತು. ಆದದ್ದು ಹಾಗೇ ಉಳಿಯಿತು. ಆ ಹುಡುಗಿಗೆ ಬಲ ಅಂಗೈಯನ್ನು ಪೂರ್ತಿ ಮೇಲಕ್ಕೆ ತಿರುಗಿಸಲು ಬರುವುದಿಲ್ಲ. ಗುಡಿಯಲ್ಲಿ ತೀರ್ಥಕ್ಕೆ ಕೈ ಒಡ್ಡಿದರೆ ಎಲ್ಲ ಸೋರಿ ಸೀರೆಯ ಮೇಲೆ ಬೀಳುತ್ತದೆ.

ಡಾಕ್ಟರಮ್ಮ ನಿವೃತ್ತರಾಗುವ ಹೊತ್ತಿಗೆ ಸಾಬಮ್ಮ ಇನ್ನೊಮ್ಮೆ ಬಂದಳು. ಒಬ್ಬಳೇ ಬಂದಿದ್ದಳು, ದೊಡ್ಡವಳಾಗಿದ್ದಳು. ನಾನು ಎರಡೂ ಕೈಯ ಫಿಲ್ಮು ತೆಗೆದೆ. ಡಾಕ್ಟರಮ್ಮ ಎಡಗೈಯ ಫಿಲ್ಮನ್ನು ದೀಪಕ್ಕೆ ಹಿಡಿದು ಕನ್ನಡಕ ಏರಿಸಿ ನೋಡಿದರು. ಆ ಕಪ್ಪು ಗೆರೆ ಮುಚ್ಚಿಹೋಗಿತ್ತು.

"ಈಗ ಆತು ನೋಡವ್ವ ನಿನಗ ಹದಿನೆಂಟು" ಅಂದರು.

"ಹಂಗಂದ್ರ ಇನ್ನ ಸೊಟ್ಟಾಗಂಗಿಲ್ಲೇನ್ರಿ ಅಮ್ಮಾರ?"

"ಇಲ್ಲವ್ವ."

"ನೆಟ್ಟಗೂ ಆಗಂಗಿಲ್ಲ?"

ಡಾಕ್ಟರಮ್ಮ ಕುರ್ಚಿಯಿಂದ ಎದ್ದರು. ಹುಡುಗಿಯ ತೋಳು ಹಿಡಿದು, ಫಿಲ್ಮು ಕಂಕುಳಲ್ಲಿ ಇರುಕಿಕೊಂಡು ನೆಟ್ಟಗೆ ಸೂಪರಿಂಟೆಂಡೆಂಟರ ಕೋಣೆಗೆ ನಡೆದರು. ಅಷ್ಟರಲ್ಲಿ ಆ ಕುರ್ಚಿಗೆ ಮಹಾಶಯನೇ ಬಂದಿದ್ದ. ಜವಾನ ತಡೆಯಲು ಬಂದ, ನಾನು ಅವನನ್ನು ಸರಿಸಿದೆ. ಒಳಗೆ ಆತ ಯಾವುದೋ ಕಾಗದಗಳಿಗೆ ಒಂದರ ಮೇಲೊಂದು ಸಹಿ ಹಾಕುತ್ತಿದ್ದ. ಡಾಕ್ಟರಮ್ಮ ಫಿಲ್ಮನ್ನು ಆತನ ಮುಂದಿಟ್ಟು, "ಡಾಕ್ಟರ, ಈ ಹುಡುಗೀಗೆ ಹದಿನೆಂಟು ತುಂಬೈತಿ. ನೀವು ಹಿಂದ ಬರದಿದ್ದು ಇವತ್ತು ಖರೆ ಆತು. ಇವತ್ತು ಸಹಿ ಮಾಡ್ರಿ" ಅಂದರು.

ಆತ ತಲೆ ಎತ್ತಲಿಲ್ಲ. ಫಿಲ್ಮನ್ನು ನೋಡಲಿಲ್ಲ, ಹುಡುಗಿಯನ್ನೂ ನೋಡಲಿಲ್ಲ. ಪೆನ್ನು ಹಿಡಿದ ಕೈಯನ್ನು ಹಾಗೇ ಮುಂದೆ ಚಾಚಿ, "ಮಾಡೋಣಲ್ಲ ಮೇಡಂ, ಅದಕ್ಕೇನು. ಎಲ್ಲಿ ಮಾಡಬೇಕು?" ಅಂದ.

ಸಾಬಮ್ಮ ಮೇಜಿನ ಹತ್ತಿರ ಸರಿದು, ಆ ಕಾಗದಗಳ ಮೇಲೆ ತನ್ನ ಬಲಗೈ ಇಟ್ಟಳು.

"ಇಲ್ಲೇ ಮಾಡ್ರಿ, ಸಾಹೇಬ್ರ" ಅಂದಳು.